ಮಿಯಾಪುರದ ಶೆಡ್ಡಿನಲ್ಲಿ ಶ್ರಾವಣ

ಮೊನ್ನೆ ಮಿಯಾಪುರದ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು, ಮಗ ನೋಡಿಟ್ಟಿದ್ದ ಫ್ಲ್ಯಾಟಿನ ಕಡೆ ಹೊರಟಿದ್ದೆ. ಮಳೆ ಆಗಷ್ಟೇ ಬಂದು ನಿಂತಿತ್ತು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಮುದುಕನೊಬ್ಬ ಸೈಕಲ್ಲಿಗೆ ಪ್ಲಾಸ್ಟಿಕ್ ಕ್ಯಾನು ನೇತುಹಾಕಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಕ್ಯಾನಿನಲ್ಲಿದ್ದದ್ದು ಕಳ್ಳು, ನಮ್ಮ ಬೀದರ ಕಡೆಯ ಮಾತಿನಲ್ಲಿ ಸೇಂದಿ. ಹಸಿ ಸಿಮೆಂಟು, ಹುಳಿತ ಸೇಂದಿ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು ತೆಲುಗಿನಲ್ಲಿ ಬೈದ. ನಾನೂ ತೆಲುಗಿನಲ್ಲೇ ತಿರುಗಿ ಬೈದು ಪಕ್ಕಕ್ಕೆ ಸರಿದೆ.

ಫ್ಲ್ಯಾಟು ತೋರಿಸಲು ಬಂದ ಹುಡುಗ ಟೈ ಕಟ್ಟಿಕೊಂಡಿದ್ದ. ನಾನು ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಕಿಟಕಿಯ ಚೌಕಟ್ಟಿನ ಸಂದಿಗೆ ಉಗುರು ಹಾಕಿ ನೋಡುವಷ್ಟರಲ್ಲಿ ಅವನ ನಗು ಅರ್ಧ ಇಳಿದಿತ್ತು. ಕಿಟಕಿಯಾಚೆ ಕೈಮಾಡಿ, "ಇಲ್ಲೆಲ್ಲ ಈಚಲ ಮರ ಇದ್ದವಲ್ಲ?" ಅಂದೆ. "ಇಲ್ಲಿ ಯಾವತ್ತೂ ಮರವೇ ಇರಲಿಲ್ಲ ಮೇಡಂ, ಖಾಲಿ ಜಾಗ" ಅಂದ. ತಾವು ಹುಟ್ಟುವುದಕ್ಕೆ ಮುಂಚಿನ ಸಂಗತಿಯನ್ನು ಅಷ್ಟು ಧೈರ್ಯವಾಗಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮರಗಳಿದ್ದವು. ಅವು ಉರುಳಿದ್ದನ್ನೂ ನಾನು ನೋಡಿದ್ದೇನೆ. ಆ ವರ್ಷದ ಶ್ರಾವಣ ಮಾಸದಲ್ಲಿ ಒಬ್ಬ ಮನುಷ್ಯನ ಜೀವ, ಒಬ್ಬ ಹೆಣ್ಣುಮಗಳ ಹೆಸರು, ಎರಡೂ ಆ ಮರಗಳ ಲೆಕ್ಕಕ್ಕೆ ಸಿಕ್ಕಿಕೊಂಡಿದ್ದವು.

ಅನುಮಾನ ನನಗೆ ತವರಿನಿಂದ ಬಂದ ಆಸ್ತಿ. ನಮ್ಮಪ್ಪ ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ, ಉಗುರಿನ ಮೇಲೆ ಹನಿ ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದರು. ನಾನು ಅವರನ್ನೂ ಮೀರಿಸಿದೆ. ಮದುವೆಯಾಗಿ ಹೈದರಾಬಾದಿಗೆ ಬಂದು ಹಿಮಾಯತ್‌ನಗರದ ಹಳೆಯ ಮನೆಯೊಂದರ ಮಹಡಿಯಲ್ಲಿ ಸಂಸಾರ ಹೂಡಿದ ಮೊದಲ ವಾರವೇ ತರಕಾರಿಯವನ ತಕ್ಕಡಿ ಹಿಡಿದು ಜಗಳ ತೆಗೆದಿದ್ದೆ. "ನಿನ್ನ ಪೋಲೀಸ್ ಖಾತೆಯವರು ತಗೋಬೇಕಿತ್ತು. ತಪ್ಪಿ ನಾ ತಗೊಂಡೆ" ಅಂತ ನನ್ನ ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಪೋಲೀಸ್ ಖಾತೆಯಲ್ಲದಿದ್ದರೂ ಅದಕ್ಕೆ ಹತ್ತಿರದ ಕೆಲಸವೇ ಸಿಕ್ಕಿತು. ನಮ್ಮ ಬೀದಿಯ ಬಟ್ಟೆ ಅಂಗಡಿಯ ಮೇಲೆ ಒಂದು ಸಣ್ಣ ಸಂಸ್ಥೆಯ ಕಚೇರಿ ಇತ್ತು. ನಡೆಸುತ್ತಿದ್ದವರು ರಫಿಯಾ ಮೇಡಂ, ಮನೋರೋಗದ ವೈದ್ಯೆ. ಸರ್ಕಾರಿ ಆಸ್ಪತ್ರೆಯ ಕೆಲಸ ಮುಗಿಸಿ ಮಧ್ಯಾಹ್ನ ಇಲ್ಲಿಗೆ ಬರುತ್ತಿದ್ದರು. ನಗರದಲ್ಲಿ ಯಾವ ಅಮಲು ಪದಾರ್ಥ ಹೊಸದಾಗಿ ಬಂತು, ಯಾವುದು ಮಾಯವಾಯಿತು, ಯಾರು ತಗೊಳ್ಳುತ್ತಿದ್ದಾರೆ, ಎಲ್ಲಿ ಸಿಗುತ್ತಿದೆ, ತುಟ್ಟಿಯಾಯಿತೋ ಅಗ್ಗವಾಯಿತೋ, ಇದನ್ನು ತಿಂಗಳು ತಿಂಗಳು ಗಮನಿಸುವುದು ಆ ಸಂಸ್ಥೆಯ ಕೆಲಸ. ಹಿಡಿಯುವುದು ನಮ್ಮ ಕೆಲಸವಲ್ಲ. ಮಳೆ ಅಳೆಯುವವರು ಮಳೆಯನ್ನು ನಿಲ್ಲಿಸುವುದಿಲ್ಲವಲ್ಲ, ಹಾಗೆ. ಮೇಡಂ ಮೊದಲ ದಿನವೇ ಎರಡು ಕಟ್ಟಳೆ ಹೇಳಿಕೊಟ್ಟರು. ಯಾರನ್ನೂ "ನೀನು ತಗೊಳ್ತೀಯಾ" ಅಂತ ಕೇಳಕೂಡದು; "ನಿಮ್ಮಂಥವರಲ್ಲಿ ಈಗ ಯಾವುದು ನಡೆದಿದೆ" ಅಂತ ಕೇಳಬೇಕು. ಎರಡನೆಯದು, ಒಂದು ಬಾಯಿಯ ಮಾತು ಬರೆಯಕೂಡದು. ತಗೊಳ್ಳುವವರು, ಅಲ್ಲೇ ಅಂಗಡಿ ಇಟ್ಟವರು, ಮದ್ದು ಕೊಡುವವರು, ಈ ಮೂರು ಬಾಯಲ್ಲಿ ಒಂದೇ ಮಾತು ಬಂದರೆ ಮಾತ್ರ ನಂಬಬೇಕು.

ಊರಿಗೆ ಊರೇ ಕಂಪ್ಯೂಟರಿನ ಗುಂಗಿನಲ್ಲಿದ್ದ ಕಾಲ ಅದು. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಪೇಪರಿನವರಿಗೆ ಬೇಕಾದದ್ದು ಪಬ್ಬು, ಬಿಳಿ ಪುಡಿ, ಸಾಫ್ಟ್‌ವೇರಿನ ಹುಡುಗರು. ನಮ್ಮ ಕಚೇರಿಯ ಉಳಿದವರೆಲ್ಲ ಆ ಕಡೆಗೇ ಓಡಿದರು. ಆ ಗಾಜಿನ ಕಟ್ಟಡಗಳನ್ನು ಕಟ್ಟುವವರು ಮಾತ್ರ ಯಾದಗಿರಿ, ಶಹಾಪುರ, ಚಿತ್ತಾಪುರದ ಕಡೆಯ ನಮ್ಮ ಜನ. ಅವರ ಕನ್ನಡ ಬಲ್ಲವಳು ಕಚೇರಿಯಲ್ಲಿ ನಾನೊಬ್ಬಳೇ. ಹೀಗಾಗಿ ಪಬ್ಬಿನ ಪಾಲು ಅವರಿಗೆ, ಮಿಯಾಪುರದ ಕೆಸರು ನನಗೆ.

ಅಲ್ಲಿ ಆಗ ಮೆಟ್ರೋ ಇರಲಿ, ಸರಿಯಾದ ರಸ್ತೆಯೂ ಇರಲಿಲ್ಲ. ಕೆರೆಯ ದಂಡೆಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು. ಅದರ ಬೆನ್ನಿಗೆ ತಗಡಿನ ಶೆಡ್ಡುಗಳು, ಒಂದು ಸಾಲು ನಮ್ಮವರದು, ಇನ್ನೊಂದು ಸಾಲು ಶ್ರೀಕಾಕುಳಂ ಕಡೆಯ ತೆಲುಗರದು. ನಾನು ಕೊಡೆ ಹಿಡಿದು ಕೆಸರಿನಲ್ಲಿ ಕಾಲಿಟ್ಟ ದಿನ ಗಂಡಸರೆಲ್ಲ ಮಾಯ. ಕುಟುಂಬ ಯೋಜನೆಯ ಆಪರೇಷನ್ನಿಗೆ ಹಿಡಿದುಕೊಂಡು ಹೋಗುವ ಬಾಯಿ, ಅಂದರೆ ಆಸ್ಪತ್ರೆಯ ಹೆಂಗಸು, ಬಂದಿದ್ದಾಳೆ ಅಂತ ಸುದ್ದಿ ಹಬ್ಬಿತ್ತಂತೆ. ಮುಂದಿನ ವಾರ ನಾನು ಪೋಲೀಸಿನವಳಾದೆ. ಅದರ ಮುಂದಿನ ವಾರ ಗುತ್ತಿಗೆದಾರನ ಗೂಢಚಾರಳಾದೆ. ನಾನೂ ಏನು ಕಡಿಮೆ? ಅವರು ಒಬ್ಬೊಬ್ಬರೂ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ನಂಬಿದ್ದೆ. ಗಾಂಜಾ? "ಇಲ್ರಿ." ಮಾತ್ರೆ? "ಯಾವ ಮಾತ್ರಿ ರಿ, ಜ್ವರದ್ದೇನು?" ಕೆಮ್ಮಿನ ಔಷಧ? "ಕೆಮ್ಮೇ ಇಲ್ರಿ." ಇಷ್ಟು ಶುದ್ಧವಾದ ಶೆಡ್ಡು ಭೂಮಿಯ ಮೇಲೆ ಇರಲು ಸಾಧ್ಯವೇ ಇಲ್ಲ ಅಂತ ನನ್ನ ಮನಸ್ಸು ಹೇಳುತ್ತಿತ್ತು.

ಶೆಡ್ಡಿನ ಕೊನೆಯಲ್ಲಿ ಶರಣಮ್ಮನ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಊರು ಬಿಟ್ಟು, ತಮ್ಮ ಮಲ್ಲಪ್ಪನ ಬೆನ್ನು ಹತ್ತಿ ಬಂದು, ಮೂರು ಕಲ್ಲಿನ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದು ಇಡೀ ಸಾಲಿಗೆ ಉಣ್ಣಿಸುತ್ತಿದ್ದಳು. ಮಲ್ಲಪ್ಪ ಗೌಂಡಿ ಕೆಲಸದವ, ಇಟ್ಟಿಗೆ ಕಟ್ಟುವುದರಲ್ಲಿ ಅವನ ಕೈ ನೇರ ಅಂತ ಹೆಸರು. ಶರಣಮ್ಮನ ಕಡೆಯಿಂದ ಹೊರಡುವ ಗಂಡಸರ ಅಂಗಿ ಜೇಬಿನಲ್ಲಿ ಒಂದೊಂದು ಕಾಗದದ ಪೊಟ್ಟಣ ಇರುವುದನ್ನು ನಾನು ಎರಡನೆಯ ಭೇಟಿಯಲ್ಲೇ ಗಮನಿಸಿದೆ. ಒಳಗೆ ಕಂದು ಬಣ್ಣದ ಪುಡಿ. ಸಿಕ್ಕಿಬಿದ್ದಳು ಅಂದುಕೊಂಡೆ. ಮಲ್ಲಪ್ಪನ ಕೈಯಿಂದ ಒಂದನ್ನು ಈಸಿಕೊಂಡು ಬಿಚ್ಚಿ ಮೂಸಿದೆ. ಅಗಸಿ ಹಿಂಡಿ, ಬೆಳ್ಳುಳ್ಳಿ ಜೋರಾಗಿ ಹಾಕಿ ಕುಟ್ಟಿದ ಅಗಸೆಯ ಚಟ್ನಿಪುಡಿ. ಮಲ್ಲಪ್ಪ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕ. "ಮಧ್ಯಾನ್ನ ಮ್ಯಾಲೆ ಕುಂತು ರೊಟ್ಟಿಗೆ ಹಚ್ಕೊಳ್ಳಾಕ ರಿ ಬಾಯಾರ. ಇದಕ್ಕೂ ಕೇಸ್ ಹಾಕ್ತೀರೇನು?"

ಹೋದಾಗಲೆಲ್ಲ ಶರಣಮ್ಮ ಉಣ್ಣಲು ಕರೆಯುತ್ತಿದ್ದಳು. ನಾನು ನನ್ನ ಡಬ್ಬಿ ನಾನೇ ಒಯ್ಯುತ್ತಿದ್ದೆ. ಆ ನೀರು, ಆ ಹಿಟ್ಟು, ಆ ಒಲೆ ಯಾವುದರ ಮೇಲೂ ನನಗೆ ನಂಬಿಕೆ ಇರಲಿಲ್ಲ. ಬಾಯಿಬಿಟ್ಟು ಹೇಳುವಂತಿಲ್ಲವಾದ್ದರಿಂದ "ಇವತ್ತ ಸೋಮವಾರ, ಒಪ್ಪತ್ತು ಮಾಡ್ತೀನಿ" ಅಂತ ಒಂದು ನೆವ ಹೂಡಿದ್ದೆ. ಒಂದು ದಿನ ಅವಳು ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡು ಕೇಳಿದಳು: "ಬಾಯಾರ, ನಿಮಗ ವಾರದಾಗ ಎಷ್ಟು ಸೋಮವಾರ ಬರ್ತಾವ್ರಿ?"

ರಸ್ತೆಯಾಚೆ ಕಾಂಪೌಂಡು ಗೋಡೆಯೊಳಗೆ ಸೇಂದಿಯ ಅಂಗಡಿ. ಸರ್ಕಾರದ ಲೈಸೆನ್ಸಿನ ಬೋರ್ಡು ಬಾಗಿಲ ಮೇಲೇ ಇತ್ತು. ಕೆಲಸ ಬಿಟ್ಟ ಮೇಲೆ ಎಲ್ಲ ಗಂಡಸರೂ ಅಲ್ಲಿಗೇ. ಕರೆದುಕೊಂಡು ಹೋಗುವವನು ಮುಕಾದಮ ಈರಣ್ಣ, ಅಂದರೆ ಊರಿನಿಂದ ಜನರನ್ನು ಕೂಡಿಸಿ ತಂದ ಗುಂಪಿನ ಯಜಮಾನ. ಆಚೆ ತಿರುವಿನಲ್ಲಿ ಇನ್ನೊಂದು ಅಂಗಡಿ ಇದ್ದರೂ ಯಾರನ್ನೂ ಅಲ್ಲಿಗೆ ಬಿಡುತ್ತಿರಲಿಲ್ಲ. ಯಾಕೆ ಅಂತ ನನಗೆ ಅನುಮಾನವಿತ್ತು. ಆದರೆ ಸೇಂದಿ ನಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ, ಕಾನೂನಿಗೆ ಒಪ್ಪಿದ ಪಾನೀಯ. ನಮ್ಮ ಪ್ರಶ್ನೆಗಳಲ್ಲಿ ಅದರ ಹೆಸರೇ ಇರಲಿಲ್ಲ. ಮಲ್ಲಪ್ಪನೇ ಒಮ್ಮೆ ತಾನಾಗಿ ಹೇಳಿದ್ದ: "ಊರಾಗ ಸೇಂದಿ ಕುಡದ್ರ ಹಾಡ್ತಿದ್ವಿ ರಿ, ಜಗಳಾನೂ ಮಾಡ್ತಿದ್ವಿ. ಇಲ್ಲಿದು ಕುಡದ್ರ ಸುಮ್ಮ ನಿದ್ದಿ. ಸಿಟಿ ಸೇಂದಿ ಭಾಳ ಜೋರ ಐತಿ."

ಆಷಾಢದ ಗಾಳಿ ಬೀಸುತ್ತಿದ್ದಾಗ ಕೆರೆಯ ದಂಡೆಯ ಈಚಲ ಮರಗಳನ್ನು ಜೆಸಿಬಿ ತಂದು ಉರುಳಿಸಿದರು, ಕಾರು ನಿಲ್ಲಿಸಲು ಜಾಗ ಬೇಕಂತೆ. ಮರ ಹತ್ತುವವರು ಹಗ್ಗ ಸುತ್ತಿ ಹೆಗಲಿಗೇರಿಸಿಕೊಂಡು ಹೊರಟುಹೋದರು. ಅದೇ ವಾರ ಸೇಂದಿ ಅಂಗಡಿಯ ಮುಂದೆ ಮೊದಲಿಗಿಂತ ಎತ್ತರಕ್ಕೆ ಬಾಟಲಿಯ ಕ್ರೇಟುಗಳನ್ನು ಪೇರಿಸಿದ್ದರು. ನಾನು ಬಸ್ಸಿಗೆ ಕಾಯುತ್ತ ಆ ಕ್ರೇಟುಗಳನ್ನೇ ನೋಡಿದೆ. ಏನೋ ಸರಿಯಿಲ್ಲ ಅನಿಸಿತು. ಅಷ್ಟರಲ್ಲಿ ಬಸ್ಸು ಬಂತು.

ಶ್ರಾವಣ ಬಂದಾಗ ಶೆಡ್ಡಿನಲ್ಲಿ ಹಬ್ಬದ ಗದ್ದಲ. ನಮ್ಮ ಕಡೆ ಈ ಒಂದು ತಿಂಗಳು ದೊಡ್ಡ ಕುಡುಕನೂ ಸೇಂದಿ ಬಿಡುತ್ತಾನೆ, ಒಂದು ತುಂಡು ಮಾಂಸ ಮುಟ್ಟುವುದಿಲ್ಲ. ಊರಲ್ಲಿದ್ದರೂ ಅಷ್ಟೆ, ಪರಸ್ಥಳದಲ್ಲಿದ್ದರೂ ಅಷ್ಟೆ. ಮೊದಲ ಸೋಮವಾರ ದೇವರ ಪಟದ ಮುಂದೆ ತಾಮ್ರದ ತಂಬಿಗೆ ಇಟ್ಟು, ಒಬ್ಬೊಬ್ಬರಾಗಿ ಬಂದು ಮುಟ್ಟಿ, "ಶ್ರಾವಣ ತೀರೋತನಕ ಮುಟ್ಟಂಗಿಲ್ಲ" ಅಂದರು. ಎಲ್ಲರಿಗಿಂತ ಮೊದಲು ಮುಟ್ಟಿದವನು ಈರಣ್ಣ, ಕೊನೆಗೆ ಮಲ್ಲಪ್ಪ. ಶರಣಮ್ಮ ದೊಡ್ಡ ಪಾತೇಲಿಯಲ್ಲಿ ಗೋಧಿ ಹುಗ್ಗಿ ಮಾಡಿ, ಪಕ್ಕದ ಸಾಲಿನ ತೆಲುಗರನ್ನೂ ಕರೆದು ಬಡಿಸಿದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಒಂದ್ ತಿಂಗಳು ನನ್ನ ತಮ್ಮ ಸಂಜೀಮುಂದ ಮನ್ಯಾಗ ಕುಂತು ಉಣ್ತಾನ್ರಿ" ಅಂದಳು. ನನ್ನ ಕಡೆ ಹುಗ್ಗಿಯ ಬಟ್ಟಲು ಚಾಚಿ, ಅರ್ಧಕ್ಕೇ ಹಿಂದೆಳೆದುಕೊಂಡಳು. "ಇವತ್ತ ಖರೇನೂ ಸೋಮವಾರ ಐತಿ, ಬಿಡ್ರಿ."

ಆಮೇಲೆ ಮಳೆ ಹಿಡಿಯಿತು. ಕೆಲವು ದಿನ ನಾನು ಆ ಕಡೆ ಹೋಗಲಾಗಲಿಲ್ಲ. ಮಳೆ ಸ್ವಲ್ಪ ಹೊಳವಾದ ಒಂದು ಬೆಳಿಗ್ಗೆ ಹೋದಾಗ ಕಟ್ಟಡದ ಮೇಲೆ ಒಂದು ಕರಣೆಯ ಸದ್ದೂ ಇರಲಿಲ್ಲ. ಶೆಡ್ಡಿನೊಳಗೆ ಒಬ್ಬನನ್ನು ಮಂಚಕ್ಕೆ ಟವೆಲ್ಲಿನಿಂದ ಕಟ್ಟಿ ಮಲಗಿಸಿದ್ದರು. ಗೋಡೆಯ ಮೇಲೆ ಹಾವು ಹರಿಯುತ್ತಿವೆ ಅಂತ ಚೀರುತ್ತಿದ್ದ. ಇನ್ನೊಬ್ಬನಿಗೆ ಮರಳಿನ ರಾಶಿಯ ಹತ್ತಿರ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದ. ಮಲ್ಲಪ್ಪ ಮೂಲೆಯಲ್ಲಿ ಕೂತಿದ್ದ. ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದರೂ ಅರ್ಧ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಗೆರೆ ಎಳೆದ ಹಾಗೆ ಇಟ್ಟಿಗೆ ಕಟ್ಟುವ ಕೈ ಅದು.

ಹೊರಗೆ ಶರಣಮ್ಮನ ಒಲೆಯ ಕಲ್ಲುಗಳು ಕೆಸರಿನಲ್ಲಿ ಬಿದ್ದಿದ್ದವು. ಹುಗ್ಗಿಯ ಪಾತೇಲಿ ಬೋರಲಾಗಿತ್ತು. ಈರಣ್ಣ ಎಲ್ಲರ ಮುಂದೆ ನಿಂತು ಕೂಗಾಡುತ್ತಿದ್ದ: "ಹುಗ್ಗ್ಯಾಗ ಏನೋ ಹಾಕ್ಯಾಳ ಈಕಿ. ಸಂಜಿಗೆ ಪೋಲೀಸರ್ನ ಕರಸ್ತೀನಿ. ಅದಕ್ಕಿಂತ ಮೊದಲು ಗಂಟು ಕಟ್ಟಿ ಹೋದ್ರ ಆಕಿ ಪುಣ್ಯ." ನಾನು ನನ್ನ ಕಟ್ಟಳೆಯಂತೆ ಕೇಳುತ್ತ ಹೋದೆ. ಕೆಲಸಗಾರರು ಹೇಳಿದರು, ಹುಗ್ಗಿ. ಎದುರಿನ ಚಹಾ ಅಂಗಡಿಯವನು ಹೇಳಿದ, ಹುಗ್ಗಿ. ಆ ಕೇರಿಗೆ ಸೂಜಿ ಚುಚ್ಚುವ ಆರೆಂಪಿ ಡಾಕ್ಟರೂ ಹೇಳಿದ, ಊಟದಲ್ಲಿ ವಿಷ. ಮೂರು ಬಾಯಿ, ಒಂದೇ ಮಾತು. ಅದಕ್ಕೆ ಸಾಕ್ಷಿಯೂ ಇತ್ತು. ಹೆದರಿ ಶರಣಮ್ಮನ ಖಾನಾವಳಿ ಬಿಟ್ಟು ಹೊರಗಿನ ಹೋಟೆಲಿಗೆ ಹೋದವರೆಲ್ಲ ಎದ್ದು ಓಡಾಡುತ್ತಿದ್ದರು. ಅವಳನ್ನು ನಂಬಿ ಅವಳ ಕೈಯ ರೊಟ್ಟಿಯನ್ನೇ ತಿನ್ನುತ್ತಿದ್ದವರು ದಿನ ದಿನಕ್ಕೆ ಕೆಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕೆಟ್ಟಿದ್ದವನು ಅವಳ ಸ್ವಂತ ತಮ್ಮ.

ಬೇರೆ ಯಾರಾದರೂ ನಂಬಿಬಿಡುತ್ತಿದ್ದರು. ನಾನು ಮೂರು ಬಾಯಲ್ಲಿ ಒಂದೇ ಮಾತು ಬಂದರೆ ಮೂವರೂ ಕೂಡಿ ಮಾತಾಡಿಕೊಂಡಿದ್ದಾರೆ ಅಂತ ಯೋಚಿಸುವ ಪೈಕಿ. ಈರಣ್ಣನ ಹತ್ತಿರ ಹೋಗಿ ನಿಂತೆ.

"ನಿಮಗೂ ಆಗಿತ್ತೇನ್ರಿ ಹಿಂಗ?"

"ಆಗಿತ್ರಿ ಬಾಯಾರ. ಎರಡು ದಿನ ಕೈ ಗಡಗಡ. ಆಕಿ ಕೂಳು ಬಿಟ್ಟೆ, ನಿಂತಿತು."

ಅವನು ಬಾಯಿ ತೆರೆದಾಗ ಸೇಂದಿಯ ಹುಳಿ ವಾಸನೆ ಬಂತು. "ಮತ್ತ ಶ್ರಾವಣ?" ಅಂದೆ.

ಈರಣ್ಣ ಕೆರೆಯ ಕಡೆ ಮುಖ ತಿರುಗಿಸಿದ. "ಜೀವ ಉಳದ್ರ ಮುಂದಿನ ವರ್ಷ ಶ್ರಾವಣ ಮಾಡಬೌದ್ರಿ."

ಅವನ ಮುಖ ಹೋದ ಕಡೆ ನನ್ನ ಕಣ್ಣೂ ಹೋಯಿತು. ದಂಡೆ ಬೋಳಾಗಿತ್ತು. ಪಕ್ಕದ ಸಾಲಿನಲ್ಲಿ ಶ್ರೀಕಾಕುಳಂನವರು ಬೀಡಿ ಸೇದುತ್ತ ಆರಾಮಾಗಿ ಕೂತಿದ್ದರು. ಅವರೂ ಅದೇ ಹುಗ್ಗಿ ಉಂಡಿದ್ದರು, ಆದರೆ ಅವರು ತಂಬಿಗೆ ಮುಟ್ಟಿರಲಿಲ್ಲ, ಸೇಂದಿ ಬಿಟ್ಟಿರಲಿಲ್ಲ. ಹೋಟೆಲಿಗೆ ಹೋದವರು ಬಿಟ್ಟದ್ದು ಬರೀ ಶರಣಮ್ಮನ ರೊಟ್ಟಿಯನ್ನಲ್ಲ, ಈರಣ್ಣನ ಹಾಗೆ ವ್ರತವನ್ನೂ ಬಿಟ್ಟು ಸೇಂದಿಗೆ ಮರಳಿದ್ದರು. ನಾನು ಓಡಿದೆ. ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು, ಅದನ್ನೂ ಬಿಟ್ಟು ಎಸ್‌ಟಿಡಿ ಬೂತಿಗೆ ನುಗ್ಗಿ ಆಸ್ಪತ್ರೆಗೆ ಫೋನು ಹಚ್ಚಿದೆ.

ರಫಿಯಾ ಮೇಡಂ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಯಾ ಅಲ್ಲಾ, ಪೂರಾ ಶೆಡ್ ಏಕ್ ಸಾಥ್ ಛೋಡ್ ದಿಯಾ? ಎಲ್ಲರೂ ಒಟ್ಟಿಗೇ ಬಿಟ್ಟರಾ?" ಅಂದರು. ಮರದ ಕಳ್ಳು ಸಾಲದೆ ಬಂದಾಗ ನೀರಿಗೆ ನಿದ್ರೆಯ ಔಷಧದ ಪುಡಿ ಕಲಸಿ ಮಾರುತ್ತಾರೆ, ದಿನಾ ಕುಡಿದವರ ಮೈ ಆ ಪುಡಿಗೆ ಒಗ್ಗಿಬಿಡುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ ಅಂದರು. ಊರಿಗೆ ಹೋದವರು ಹೀಗಾಗಿ ಮರಳಿ ಬರುವುದನ್ನು ಅವರು ವಾರ್ಡಿನಲ್ಲಿ ಒಬ್ಬೊಬ್ಬರಾಗಿ ಕಂಡಿದ್ದರು. ಇಡೀ ಸಾಲು ಭಕ್ತಿಯಿಂದ ಒಂದೇ ದಿನ ಬಿಟ್ಟದ್ದನ್ನು ಎಂದೂ ಕೇಳಿರಲಿಲ್ಲ. "ಮತ್ತೆ ಕುಡಿಸಬೇಡ. ಎಲ್ಲರಿಗಿಂತ ಕೆಟ್ಟಿರುವವನನ್ನು ಮೊದಲು ಕರಕೊಂಡು ಬಾ. ಔಷಧ ಕೊಟ್ಟು ನಿಧಾನಕ್ಕೆ ಇಳಿಸಬೇಕು. ಮತ್ತೆ ಫಿಟ್ಸ್ ಬಂದರೆ ಜೀವ ಹೋಗುತ್ತದೆ, ತಡ ನಕ್ಕೋ ಕರೋ, ಬೇಗ ಹೊರಡು."

ಆದರೆ ಮಲ್ಲಪ್ಪ ಏಳಲೊಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು, ಮಾತು ಮಾತ್ರ ಗಟ್ಟಿ. "ನಾ ಈಗ ದವಾಖಾನಿಗೆ ಹ್ವಾದ್ರ, ಅಕ್ಕನ ಕೂಳಾಗ ವಿಷ ಐತಿ ಅಂತ ನಾನೂ ಒಪ್ಪಿದಂಗ ಆಗ್ತದ್ರಿ. ಶ್ರಾವಣ ಬಿಡಂಗಿಲ್ಲ. ಅಕ್ಕನ ರೊಟ್ಟೀನೂ ಬಿಡಂಗಿಲ್ಲ." ಅಕ್ಕನನ್ನು ಉಳಿಸಲು ಅವನು ಸಾಯಲು ಕೂತಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಶರಣಮ್ಮ ಅಡ್ಡ ಕೈ ಚಾಚಿ ನನ್ನನ್ನು ತಡೆದಳು.

"ನೀವು ದೂರ ನಿಂದರ್ರಿ. ಈ ಶೆಡ್ಡಿಗೆ ನೀವು ಕಾಲಿಟ್ಟ ಮ್ಯಾಲೇ ಇದೆಲ್ಲ ಸುರು ಆಗೇತಿ. ಪುಡಿ, ಮಾತ್ರಿ ಅಂತ ಬಾಯಿ ತುಂಬ ಅದನ್ನೇ ಕೇಳ್ತಿದ್ರಿ. ಇವತ್ತಿನ ತನಕ ನನ್ನ ಕೈಯಾಗಿನ ಒಂದ್ ಗುಟುಕು ನೀರು ಕುಡದಿಲ್ಲ ನೀವು. ನಿಮಗೂ ಮೊದಲಿಂದ ನನ್ನ ಮ್ಯಾಲ ಸಂಶಯ ಇತ್ತು ಹೌದಿಲ್ಲ? ಈಗ ನಿಮ್ಮ ಮಾತು ನಾ ಯಾಕ ನಂಬಲಿ?"

ಬಾಗಿಲಲ್ಲಿ ಈರಣ್ಣನ ಕಡೆಯವರೆಲ್ಲ ನೆರೆದಿದ್ದರು. ನಾನು ಕೆಸರಿನ ಕಾಲಲ್ಲೇ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತೆ. "ರೊಟ್ಟಿ ಕೊಡ್ರಿ ಅಕ್ಕಾ" ಅಂದೆ.

ಶರಣಮ್ಮ ಬುಟ್ಟಿ ಎಳೆದುಕೊಂಡಳು. ಬುಟ್ಟಿಯಲ್ಲಿ ಒಣಗಿದ ರೊಟ್ಟಿ ಇತ್ತು, ಮೇಲೆ ಅಗಸಿ ಹಿಂಡಿ ಹಾಕಿ ಕೊಟ್ಟಳು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ನಿಜ ಹೇಳುತ್ತೇನೆ, ಆಗಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ, ಮೊದಲ ತುತ್ತಿನಲ್ಲಿ ಕಹಿಯೇನಾದರೂ ಇದೆಯೋ ಅಂತ ಹುಡುಕುತ್ತಿತ್ತು. ಅಗಸಿಯ ಕಮ್ಮನೆಯ ರುಚಿ, ಬೆಳ್ಳುಳ್ಳಿ, ಉಪ್ಪು, ಒಲೆಯ ಹೊಗೆ. ಬೇರೇನೂ ಇರಲಿಲ್ಲ. ಒಣ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ಶರಣಮ್ಮ ತಂಬಿಗೆಯ ನೀರು ಮುಂದೆ ಸರಿಸಿದಳು, ಅದನ್ನೂ ಕುಡಿದೆ. ರೊಟ್ಟಿ ಪೂರ್ತಿ ಮುಗಿಸಿ ಕೈ ಝಾಡಿಸಿದೆ.

"ನಿಮ್ಮ ರೊಟ್ಟ್ಯಾಗ ಏನೂ ಇಲ್ಲ ಅಕ್ಕಾ. ಇದ್ದದ್ದು ಅವರು ಬಿಟ್ಟ ಸೇಂದ್ಯಾಗ."

"ಸೇಂದಿ ಬಿಟ್ರ ಯಾರರ ಹಿಂಗ ಆಗ್ತಾರೇನ್ರಿ? ಊರಾಗ ನಮ್ಮಪ್ಪನೂ ಶ್ರಾವಣದಾಗ ಬಿಡ್ತಿದ್ದ."

"ಅದು ಗಿಡದ ಸೇಂದಿ. ಇಲ್ಲಿ ಗಿಡ ಎಲ್ಲಿ ಅದಾವ? ಎಲ್ಲಾ ಕಡದು ಹಾಕ್ಯಾರ. ಹಂಗಿದ್ರ ದಿನಾ ಅಷ್ಟು ಕ್ರೇಟು ಎಲ್ಲಿಂದ ಬರ್ತಾವ? ನಿದ್ದಿ ಪುಡಿ ಕಲಸಿ ಕುಡಸ್ಯಾರ ಅಕ್ಕಾ ಇವರಿಗೆ. ಅದು ಒಮ್ಮಿಗೇ ನಿಂತದ್ದಕ್ಕ ಮೈ ತಡಕೊಳ್ಳವಲ್ದು."

ಶರಣಮ್ಮ ಬಾಗಿಲಲ್ಲಿದ್ದವರ ಕಾಲುಗಳ ನಡುವಿನಿಂದ ಕೆರೆಯ ದಂಡೆಯನ್ನು ನೋಡಿದಳು. ಆಮೇಲೆ ತಮ್ಮನ ಕೆನ್ನೆ ತಟ್ಟಿದಳು. "ಮಲ್ಲ್ಯಾ, ತಂಬಿಗಿ ಮುಟ್ಟಿ ನೀ ಏನಂದಿ? ಸೇಂದಿ ಮುಟ್ಟಂಗಿಲ್ಲ ಅಂದಿ. ದವಾಖಾನಿಗೆ ಹೋಗಂಗಿಲ್ಲ ಅಂತ ದೇವ್ರಿಗೆ ಮಾತು ಕೊಟ್ಟೀಯೇನು? ಏಳು."

ಆಟೋದಲ್ಲಿ ದಾರಿಯ ನಡುವೆ ಅವನಿಗೆ ಫಿಟ್ಸ್ ಬಂತು. ಒಂದು ಕಡೆ ಶರಣಮ್ಮ, ಇನ್ನೊಂದು ಕಡೆ ನಾನು, ನಡುವೆ ಸೆಟೆದುಕೊಂಡ ಅವನ ಮೈ. "ನನ್ನ ತಮ್ಮ ಹೋದ ರಿ, ಹೋದ" ಅಂತ ಅವಳು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆದು ಚುಚ್ಚಿತು. ನಾನೂ ಅಳುತ್ತಿದ್ದೆ. ಮೇಡಂ ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಇಟ್ಟುಕೊಂಡು ನಿಂತಿದ್ದರು. ಅವನನ್ನು ಒಳಗೆ ಒಯ್ದದ್ದೇ ಶೆಡ್ಡಿಗೆ ವ್ಯಾನು ಕಳಿಸಿ ಉಳಿದವರನ್ನೂ ತರಿಸಿದರು.

ಮಲ್ಲಪ್ಪ ಉಳಿದ. ಶ್ರಾವಣ ತೀರುವ ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲೆ ಕೂತು, ಲೋಟ ಒಂದೇ ಕೈಯಲ್ಲಿ ಹಿಡಿದು ನನಗೆ ತೋರಿಸಿದ. ಉಳಿದವರೂ ಗುಣವಾಗಿ ಶೆಡ್ಡಿಗೆ ಮರಳಿದರು. ನಮ್ಮ ಕಚೇರಿಯಲ್ಲಿ ಅಂದಿನಿಂದ ಒಂದು ಹೊಸ ಪ್ರಶ್ನೆ ಸೇರಿತು. ಏನು ತಗೊಳ್ಳುತ್ತೀರಿ ಅಂತಲ್ಲ, ಏನನ್ನು ಬಿಟ್ಟರೆ ಮೈಗೆ ಆಗುವುದಿಲ್ಲ ಅಂತ. ಪಬ್ಬಿನ ಕಡೆ ಓಡಿದ್ದವರೆಲ್ಲ ಆಮೇಲೆ ಸೇಂದಿ ಅಂಗಡಿಗಳ ಸುತ್ತ ತಿರುಗಿದರು. ನಮ್ಮ ಮಿಯಾಪುರದ ಅಂಗಡಿ ಸ್ವಲ್ಪ ದಿನ ಬಾಗಿಲು ಹಾಕಿತು, ಮತ್ತೆ ತೆರೆಯಿತು. ಬೋರ್ಡಿಗೆ ಹೊಸ ಬಣ್ಣ ಬಳಿದಿದ್ದರು. ಈರಣ್ಣ ಯಾಕೆ ಎಲ್ಲರನ್ನೂ ಆ ಒಂದೇ ಅಂಗಡಿಗೆ ಕರೆದೊಯ್ಯುತ್ತಿದ್ದ, ಹುಗ್ಗಿಯ ಮೇಲೆ ಅಷ್ಟು ಬೇಗ ಯಾಕೆ ಬೊಟ್ಟು ಮಾಡಿದ, ಇದಕ್ಕೆ ನನಗೆ ಸಾಕ್ಷಿ ಸಿಗಲಿಲ್ಲ. ಅನುಮಾನ ಮಾತ್ರ ಇವತ್ತಿಗೂ ಇದೆ.

ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಮೇಡಂ ತಿಳಿಸಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, "ಶರಣಮ್ಮಂದು ತಪ್ಪಿಲ್ಲ ಬಿಡ್ರಿ" ಅಂದರು. ಆದರೂ ಖಾನಾವಳಿಗೆ ಮರಳಿ ಬಂದವರು ಅರ್ಧ ಜನ ಮಾತ್ರ. ಬಂದವರೂ ಮೊದಲ ತುತ್ತು ಬಾಯಿಗಿಡುವಾಗ ಒಂದು ಗಳಿಗೆ ತಡೆಯುತ್ತಿದ್ದರು. ಅದನ್ನು ಅವಳು ಕಂಡಳು. ಆಮೇಲೆ ಬಡಿಸುವ ಮುಂಚೆ ಪ್ರತಿ ರೊಟ್ಟಿಯ ಅಂಚು ಮುರಿದು, ಅವರ ಎದುರಿಗೇ ತನ್ನ ಬಾಯಿಗೆ ಹಾಕಿಕೊಂಡು ಬಡಿಸತೊಡಗಿದಳು. ನಾನು ನೋಡಲಾರದೆ ಜಗಳವಾಡಿದೆ. "ಹಿಂಗ ಮಾಡಿದ್ರ ನೀವೇ ಒಪ್ಪಿಕೊಂಡಂಗ ಆಗ್ತದ ಅಕ್ಕಾ, ಬ್ಯಾಡ" ಅಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

ಕಟ್ಟಡ ಮುಗಿದ ಮೇಲೆ ಶೆಡ್ಡು ಕಿತ್ತರು. ಬೇರೆ ಸೈಟಿಗೆ ಹೋಗುವ ಮುನ್ನ ಒಂದು ಬೆಳಿಗ್ಗೆ ಮಲ್ಲಪ್ಪ ನಮ್ಮ ಹಿಮಾಯತ್‌ನಗರದ ಮನೆ ಹುಡುಕಿಕೊಂಡು ಬಂದ. ಮೈ ತುಂಬಿಕೊಂಡಿದ್ದ. ಅಕ್ಕ ಕಳಿಸಿದಳು ಅಂತ ಬಿಳಿ ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟ. ಬಿಚ್ಚಿದೆ. ಇನ್ನೂ ಬೆಚ್ಚಗಿದ್ದ ಜೋಳದ ರೊಟ್ಟಿಗಳು, ಜೊತೆಗೆ ಅಗಸಿ ಹಿಂಡಿಯ ಪೊಟ್ಟಣ. ಮೇಲಿನ ರೊಟ್ಟಿಯ ಅಂಚು ಮುರಿದಿತ್ತು. ಕೆಳಗಿನದನ್ನು ಎತ್ತಿ ನೋಡಿದೆ, ಅದರದೂ ಮುರಿದಿತ್ತು. ಒಂದೊಂದರದೂ.

"ಮಲ್ಲಪ್ಪ, ನನಗೂ ಹಿಂಗೇ ಕೊಟ್ಟಾಳೇನು? ನಾ ಉಂಡಿದ್ನಲ್ಲೋ ಎಲ್ಲಾರ ಮುಂದ" ಅಂದೆ.

ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಹೇಳಿದ: "ಅಕ್ಕ ಈಗ ಎಲ್ಲಾರಿಗೂ ಹಂಗೇ ಕೊಡತಾಳ್ರಿ ಬಾಯಾರ. ನನಗೂ."

ಅವನ ಎದುರಿಗೇ ಕೂತು, ಅವಳು ಮುರಿದಿದ್ದ ಕಡೆಯಿಂದಲೇ ನಾನು ತಿನ್ನತೊಡಗಿದೆ.